ವರ್ಷಾಂತ್ಯದ ಅರ್ಧ ಕೆಲಸ ಬಿಡುವಿನ ತಿಂಗಳಲ್ಲೇ ಮುಗಿಯಬೇಕು

ಅಕೌಂಟ್ಸ್ ವಿಭಾಗದವರಿಗೆ ವರ್ಷದಲ್ಲಿ ಎರಡೇ ಕಾಲ. ಕ್ಲೋಸಿಂಗ್ (ಅಂದರೆ ಒಂದು ಅವಧಿಯ ಲೆಕ್ಕವನ್ನು ಪೂರ್ತಿ ಮಾಡಿ ಮುಗಿಸುವುದು) ಇರುವ ಕಾಲ, ಕ್ಲೋಸಿಂಗ್ ಇಲ್ಲದ ಕಾಲ. ಮೊದಲನೆಯದರಲ್ಲಿ ಊಟ ನಿದ್ದೆಗೆ ಹೊತ್ತು ಗೊತ್ತಿರುವುದಿಲ್ಲ. ಎರಡನೆಯದರಲ್ಲಿ ಸರಿಯಾದ ಹೊತ್ತಿಗೆ ಮನೆ ಸೇರಬಹುದು. ನಾನು ದುಡಿದಿದ್ದೆಲ್ಲ ಈ ವಿಭಾಗದಲ್ಲೇ. ವೋಚರ್ ಬರೆಯುವ ಗುಮಾಸ್ತನಾಗಿ ಸೇರಿದವನು, ಇಡೀ ಕಂಪನಿಯ ಕ್ಲೋಸಿಂಗ್ ನಡೆಸುವ ಜವಾಬ್ದಾರಿವರೆಗೆ ಬಂದೆ. ಇಷ್ಟು ವರ್ಷದಲ್ಲಿ ಒಂದು ವಿಷಯ ಮಾತ್ರ ಗಟ್ಟಿಯಾಗಿ ಗೊತ್ತಾಗಿದೆ. ವರ್ಷಾಂತ್ಯ ಹಗುರವಾಗುತ್ತೋ ಭಾರವಾಗುತ್ತೋ ಅನ್ನುವುದು ತೀರ್ಮಾನವಾಗುವುದು ಬಿಡುವಿನ ತಿಂಗಳುಗಳಲ್ಲಿ. ಅದನ್ನು ನಾನು ಹೇಗೆ ಮಾಡುತ್ತಾ ಬಂದೆ ಅಂತ ಹೇಳುತ್ತೇನೆ.

ಮೊದಲು ಈ ಸೀಸನ್ ಎಲ್ಲಿಂದ ಬಂತು ಅಂತ ನೋಡೋಣ. ಇದು ಮಳೆ ಚಳಿಯ ಹಾಗೆ ತಾನಾಗಿ ಬರುವುದಲ್ಲ, ಯಾರೋ ಗೆರೆ ಎಳೆದಿದ್ದರಿಂದ ಬರುತ್ತದೆ. ಭಾರತ ಮತ್ತು ಜಪಾನಿನಲ್ಲಿ ಹೆಚ್ಚಿನ ಕಂಪನಿಗಳ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಜೂನ್ 30. ಬಹಳ ದೇಶಗಳಲ್ಲಿ ಡಿಸೆಂಬರ್ 31. ಬ್ರಿಟನ್ನಿನಲ್ಲಿ ವೈಯಕ್ತಿಕ ತೆರಿಗೆಯ ವರ್ಷ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಇದೇನು ವಿಚಿತ್ರ ತಾರೀಕು ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ? ಹಿಂದೆ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1752ರಲ್ಲಿ ಕ್ಯಾಲೆಂಡರ್ ಬದಲಿಸಿದಾಗ 11 ದಿನ ಕೈಬಿಟ್ಟರು. ಆ ದಿನಗಳ ತೆರಿಗೆ ಕಳೆದುಕೊಳ್ಳಬಾರದು ಅಂತ ವರ್ಷದ ಕೊನೆಯನ್ನು ಮುಂದಕ್ಕೆ ತಳ್ಳಿದರು. ಅದರ ಜಾಡು ಇವತ್ತಿಗೂ ಉಳಿದಿದೆ.

ಚಿಲ್ಲರೆ ವ್ಯಾಪಾರದ ದೊಡ್ಡ ಕಂಪನಿಗಳು ಬಹಳಷ್ಟು ಜನವರಿ ಕೊನೆಗೆ ಲೆಕ್ಕ ಮುಗಿಸುತ್ತವೆ. ಇದರಲ್ಲಿ ಒಳ್ಳೆಯ ಬುದ್ಧಿ ಇದೆ. ಡಿಸೆಂಬರಿನ ಮಾರಾಟ ಮುಗಿದು, ವಾಪಸ್ ಬರುವ ಮಾಲೂ ಬಂದು, ಗೋದಾಮಿನಲ್ಲಿ ಸ್ಟಾಕ್ ತೀರಾ ಕಮ್ಮಿ ಇರುವ ಹೊತ್ತು ಅದು. ಎಣಿಸುವುದು ಸುಲಭ. ಇಂಥ ಕಂಪನಿಗಳಲ್ಲಿ ವರ್ಷವನ್ನು ವಾರದ ಲೆಕ್ಕದಲ್ಲಿ ಕತ್ತರಿಸುತ್ತಾರೆ. ನಾಲ್ಕು ವಾರ, ನಾಲ್ಕು ವಾರ, ಐದು ವಾರ ಸೇರಿ ಒಂದು ತ್ರೈಮಾಸಿಕ. ಐದಾರು ವರ್ಷಕ್ಕೊಮ್ಮೆ 53ನೇ ವಾರ ಬರುತ್ತದೆ. ಆ ವರ್ಷ ಮಾರಾಟ ಜಾಸ್ತಿ ಆಯಿತು ಅಂತ ಎಲ್ಲರೂ ಖುಷಿಪಟ್ಟರೆ, ಒಂದು ವಾರ ಹೆಚ್ಚಿದೆ ಅಂತ ನೆನಪಿಸುವ ಕೆಲಸ ನಮ್ಮದು.

ನನಗೆ ಎರಡು ಬೇರೆ ಬೇರೆ ತಾರೀಕಿನ ಲೆಕ್ಕ ಒಟ್ಟಿಗೆ ನೋಡುವ ಅವಕಾಶ ಸಿಕ್ಕಿತು. ಒಂದು ಕಂಪನಿಯಲ್ಲಿ ಒಡೆತನದವರ ಲೆಕ್ಕ ಡಿಸೆಂಬರಿಗೆ, ಕಾನೂನಿನ ಲೆಕ್ಕ ಮಾರ್ಚಿಗೆ. ಅಂದರೆ ವರ್ಷಕ್ಕೆ ಎರಡು ವರ್ಷಾಂತ್ಯ. ಸೇರಿದ ಹೊಸತರಲ್ಲಿ ಅಲ್ಲಿನವರ ಮುಖ ನೋಡಿದರೆ ಸಾಕು, ಯಾವ ತಿಂಗಳು ಅಂತ ಹೇಳಬಹುದಿತ್ತು. ಬಿಡುವಿನ ತಿಂಗಳ ಬೆಲೆ ನನಗೆ ಅರ್ಥವಾಗಿದ್ದು ಅಲ್ಲೇ. ಯಾಕೆಂದರೆ ಆ ಕಂಪನಿಯಲ್ಲಿ ಬಿಡುವು ಬಹಳ ಕಮ್ಮಿ ಇತ್ತು.

ವರ್ಷಾಂತ್ಯ ಚೆನ್ನಾಗಿ ಆಗಬೇಕಾದರೆ ತಿಂಗಳ ಕ್ಲೋಸಿಂಗ್ ಚೆನ್ನಾಗಿರಬೇಕು. ಇದು ಎಲ್ಲರಿಗೂ ಗೊತ್ತು. ಆದರೂ ತಿಂಗಳ ಕ್ಲೋಸಿಂಗ್‌ನಲ್ಲಿ "ಇರಲಿ ಬಿಡಿ, ವರ್ಷದ ಕೊನೆಗೆ ನೋಡೋಣ" ಅನ್ನುವ ಮಾತು ಕೇಳದ ಅಕೌಂಟ್ಸ್ ವಿಭಾಗ ನಾನು ನೋಡಿಲ್ಲ. ಆ ಮಾತು ಬಂದಾಗಲೆಲ್ಲ ಸಸ್ಪೆನ್ಸ್ ಖಾತೆಯಲ್ಲಿ, ಅಂದರೆ ಎಲ್ಲಿಗೆ ಸೇರಬೇಕು ಅಂತ ಗೊತ್ತಾಗದ ಮೊತ್ತಗಳನ್ನು ತಾತ್ಕಾಲಿಕವಾಗಿ ಇಡುವ ಖಾತೆಯಲ್ಲಿ, ಒಂದು ಸಾಲು ಹೆಚ್ಚುತ್ತದೆ. ಹನ್ನೊಂದು ತಿಂಗಳು ಹಾಗೆ ಸೇರಿದ್ದು ಹನ್ನೆರಡನೇ ತಿಂಗಳು ಒಟ್ಟಿಗೆ ಎದುರಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಆ ಹಣ ಯಾಕೆ ಬಂತು ಅಂತ ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿರುತ್ತಾರೆ.

ಹಾಗಾಗಿ ಒಂದು ಕಟ್ಟುಪಾಡು ಹಾಕಿಕೊಂಡೆ. ಬ್ಯಾಂಕ್ ಲೆಕ್ಕ ಪ್ರತಿದಿನ ಬೆಳಿಗ್ಗೆ ತಾಳೆ ನೋಡುವುದು. ತಿಂಗಳ ಕೊನೆಗೆ ಒಟ್ಟಿಗೆ ಮಾಡಿದರೆ ಅದೊಂದು ದೊಡ್ಡ ಕೆಲಸ, ದಿನಾ ಮಾಡಿದರೆ ಬೆಳಗಿನ ಮೊದಲ ಗಂಟೆಯೊಳಗೆ ಮುಗಿಯುತ್ತದೆ. ನಿನ್ನೆ ಬಂದ ಹಣ ಯಾರದ್ದು ಅಂತ ಇವತ್ತು ಕೇಳಿದರೆ ಮಾರಾಟದವರು ಥಟ್ ಅಂತ ಹೇಳುತ್ತಾರೆ. ಮೂರು ವಾರ ಬಿಟ್ಟು ಕೇಳಿದರೆ ಅವರಿಗೂ ಹುಡುಕಾಟ, ನಮಗೂ ಹುಡುಕಾಟ. ಸಸ್ಪೆನ್ಸ್ ಖಾತೆಯ ಪ್ರತಿ ಸಾಲಿನ ಎದುರು ಒಬ್ಬರ ಹೆಸರು, ಒಂದು ತಾರೀಕು ಬರೆಯಿಸಿದೆ. ಹೆಸರಿಲ್ಲದ ಸಾಲು ತಿಂಗಳು ದಾಟಬಾರದು. ಇಷ್ಟಕ್ಕೇ ವರ್ಷಾಂತ್ಯದ ಭಾರ ಎಷ್ಟೋ ಇಳಿಯಿತು.

ಈಗ ತಾಳೆಯಾಗದ ವ್ಯತ್ಯಾಸ ಹುಡುಕುವ ಬಗ್ಗೆ ಸ್ವಲ್ಪ ಹೇಳಬೇಕು. ಹೊಸಬರು ಇಲ್ಲೇ ರಾತ್ರಿ ಕಳೆಯುತ್ತಾರೆ. ಲೆಡ್ಜರನ್ನು ಮೊದಲ ಸಾಲಿನಿಂದ ಓದಲು ಶುರು ಮಾಡುತ್ತಾರೆ. ನನಗೆ ಕಲಿಸಿದ ಹಿರಿಯರು ಮೊದಲು ವ್ಯತ್ಯಾಸದ ಅಂಕಿಯನ್ನೇ ನೋಡು ಅನ್ನುತ್ತಿದ್ದರು. ಅದು 9ರಿಂದ ಭಾಗವಾದರೆ ಅಂಕಿಗಳು ಅದಲು ಬದಲಾಗಿರಬಹುದು. ಬ್ಯಾಂಕಿನವರ ಪಟ್ಟಿಯಲ್ಲಿ 5,831, ನಮ್ಮ ಪುಸ್ತಕದಲ್ಲಿ 5,381. ವ್ಯತ್ಯಾಸ 450. 9ರಿಂದ ಭಾಗಿಸಿದರೆ 50. ಆ 5 ಅನ್ನುವುದು ಅದಲು ಬದಲಾದ ಎರಡು ಅಂಕಿಗಳ ನಡುವಿನ ಅಂತರ: 8ರಲ್ಲಿ 3 ಕಳೆದರೆ 5. ಕೊನೆಯ ಸೊನ್ನೆ ಹೇಳುವುದೇನೆಂದರೆ, ಅದಲು ಬದಲಾಗಿರುವುದು ನೂರು ಮತ್ತು ಹತ್ತರ ಸ್ಥಾನದಲ್ಲಿ. ಇಷ್ಟು ಗೊತ್ತಾದರೆ ಹುಡುಕುವ ಸಾಲುಗಳು ಬೆರಳೆಣಿಕೆಯಷ್ಟು. ಸೊನ್ನೆ ಬಿಟ್ಟುಹೋದರೂ ಹೀಗೇ. 1,200 ಬದಲು 120 ಅಂತ ಬರೆದರೆ ವ್ಯತ್ಯಾಸ 1,080, ಅದೂ 9ರಿಂದ ಭಾಗವಾಗುತ್ತದೆ.

ವ್ಯತ್ಯಾಸ 9ಕ್ಕೆ ಸಿಗಲಿಲ್ಲ, ಆದರೆ ಸಮ ಸಂಖ್ಯೆ ಅಂತಿಟ್ಟುಕೊಳ್ಳಿ. ಆಗ ಅರ್ಧ ಮಾಡಿ ನೋಡಬೇಕು. 2,640 ವ್ಯತ್ಯಾಸ ಇದ್ದರೆ 1,320 ಅನ್ನುವ ಎಂಟ್ರಿ ಹುಡುಕಬೇಕು. ಡೆಬಿಟ್‌ಗೆ ಹೋಗಬೇಕಾದದ್ದು ಕ್ರೆಡಿಟ್‌ಗೆ ಹೋಗಿದ್ದರೆ ವ್ಯತ್ಯಾಸ ದುಪ್ಪಟ್ಟಾಗಿ ಕಾಣುತ್ತದೆ. ಇದ್ಯಾವುದಕ್ಕೂ ಸಿಗದಿದ್ದರೆ ವ್ಯತ್ಯಾಸದ ಮೊತ್ತದ್ದೇ ಒಂದು ಎಂಟ್ರಿ ಬಿಟ್ಟುಹೋಗಿದೆಯಾ ಅಂತ ನೋಡುವುದು. ಆಮೇಲಷ್ಟೇ ಸಾಲು ಸಾಲಾಗಿ ಟಿಕ್ ಹಾಕುತ್ತಾ ಹೋಗುವುದು.

ಈಗ ಸಾಫ್ಟ್‌ವೇರ್ ಇದೆ, ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಡೆಬಿಟ್ ಕ್ರೆಡಿಟ್ ಸಮ ಇಲ್ಲದ ಎಂಟ್ರಿಯನ್ನು ಸಾಫ್ಟ್‌ವೇರ್ ತೆಗೆದುಕೊಳ್ಳುವುದಿಲ್ಲ, ನಿಜ. ಹಾಗಾಗಿ ಎಲ್ಲ ಖಾತೆಗಳ ಡೆಬಿಟ್ ಕ್ರೆಡಿಟ್ ಬಾಕಿಗಳ ಪಟ್ಟಿಯಾದ ಟ್ರಯಲ್ ಬ್ಯಾಲೆನ್ಸ್ ಯಾವಾಗಲೂ ಕೂಡುತ್ತದೆ. ಆದರೆ ತಪ್ಪು ಅಂಕಿಯನ್ನು ಎರಡೂ ಕಡೆ ಒಂದೇ ರೀತಿ ಹಾಕಿದರೆ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಆ ತಪ್ಪು ಗೊತ್ತಾಗುವುದು ಹೊರಗಿನ ಕಾಗದದ ಜೊತೆ ಹೋಲಿಸಿದಾಗ. ಬ್ಯಾಂಕಿನ ಪಟ್ಟಿ, ಮಾಲು ಕೊಟ್ಟವರ ಪಟ್ಟಿ, ಗಿರಾಕಿ ಕಳಿಸಿದ ಲೆಕ್ಕ. ಹಾಗಾಗಿ 9ರ ಸೂತ್ರ ನನಗೆ ಇವತ್ತಿಗೂ ಬೇಕಾಗುತ್ತದೆ. ಹೀಗೆ ಪ್ರತಿ ವ್ಯವಹಾರವನ್ನು ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ಇಟಲಿಯ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಮಾಡಿಸಿದ ಗಣಿತದ ಪುಸ್ತಕದಲ್ಲಿ ವಿವರಿಸಿದ. ಕಂಡುಹಿಡಿದವನು ಅವನಲ್ಲ, ಅಲ್ಲಿನ ವ್ಯಾಪಾರಿಗಳು ಆಗಲೇ ಹಾಗೆ ಬರೆಯುತ್ತಿದ್ದರು. ಇವತ್ತಿನ ಸಾಫ್ಟ್‌ವೇರ್ ಒಳಗೂ ಕೂತಿರುವುದು ಅದೇ ಪದ್ಧತಿ. ನಾನು ಕೆಲಸಕ್ಕೆ ಸೇರಿದಾಗ ಉದ್ದ ಉದ್ದದ ಹಾಳೆಯಲ್ಲಿ ಪೆನ್ಸಿಲ್‌ನಿಂದ ಕೂಡುತ್ತಿದ್ದ ಹಿರಿಯರಿದ್ದರು. 1979ರಲ್ಲಿ ವಿಸಿಕ್ಯಾಲ್ಕ್ ಅನ್ನುವ ಸ್ಪ್ರೆಡ್‌ಶೀಟ್ ಸಾಫ್ಟ್‌ವೇರ್ ಬಂದ ಮೇಲೆ ಆ ಹಾಳೆ ನಿಧಾನಕ್ಕೆ ಕಂಪ್ಯೂಟರಿಗೆ ಹೋಯಿತು. ಕೂಡುವ ಕಷ್ಟ ತಪ್ಪಿತು. ಅನುಮಾನಪಡುವ ಕೆಲಸ ಮಾತ್ರ ನಮ್ಮ ಪಾಲಿಗೇ ಉಳಿಯಿತು.

ವರ್ಷದ ಕೊನೆಯ ದಿನದ ಸ್ಟಾಕ್ ಎಣಿಕೆ ನನಗೆ ಬಹಳ ಇಷ್ಟದ ಕೆಲಸ. ಟೇಬಲ್ ಬಿಟ್ಟು ಗೋದಾಮಿಗೆ ಹೋಗಿ, ಇಡೀ ವರ್ಷ ಬರೀ ಅಂಕಿಯಾಗಿ ನೋಡಿದ್ದನ್ನು ಕೈಯಲ್ಲಿ ಮುಟ್ಟಿ ನೋಡುವ ದಿನ ಅದೊಂದೇ. ಎಣಿಕೆಗೆ ಮುಂಚೆ ಮಾಲಿನ ಓಡಾಟ ನಿಲ್ಲಿಸಬೇಕು. ಒಳಗೆ ಬಂದ ಕೊನೆಯ ಮಾಲಿನ ರಸೀದಿ ನಂಬರ್, ಹೊರಗೆ ಹೋದ ಕೊನೆಯ ಚಲನ್ ನಂಬರ್ ಎರಡನ್ನೂ ಮೊದಲೇ ಬರೆದುಕೊಳ್ಳಬೇಕು. ಮುಂದಿನ ವಾರಗಳಲ್ಲಿ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಆ ಎರಡು ನಂಬರಿನಲ್ಲೇ ಇರುತ್ತದೆ. ಯಾವ ಬಿಲ್ಲು ಈ ವರ್ಷದ್ದು, ಯಾವುದು ಮುಂದಿನದ್ದು ಅಂತ ಗೆರೆ ಎಳೆಯುವುದು ಅವೇ. ಮಾಲು ಬಂದಿದೆ, ಬಿಲ್ಲು ಬಂದಿಲ್ಲ ಅಂದರೆ ಆ ಸಾಲವನ್ನು ಅಂದಾಜು ಮಾಡಿ ಈ ವರ್ಷಕ್ಕೇ ಹಾಕಬೇಕು.

ಎಣಿಸುವವರು ಇಬ್ಬರು. ಒಬ್ಬರು ಎಣಿಸಿ ಗಟ್ಟಿಯಾಗಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಅವರ ಕೈಗೆ ಕೊಡುವ ಹಾಳೆಯಲ್ಲಿ ಪುಸ್ತಕದ ಲೆಕ್ಕ ಇರಲೇಬಾರದು. 240 ಇರಬೇಕು ಅಂತ ಗೊತ್ತಿದ್ದರೆ ಕಣ್ಣಿಗೆ 240 ಕಾಣುತ್ತದೆ. ಆಮೇಲೆ ನಾನು ಎರಡು ದಿಕ್ಕಿನಿಂದ ಪರೀಕ್ಷೆ ಮಾಡುತ್ತೇನೆ. ಹಾಳೆಯಿಂದ ಕೆಲವು ಸಾಲು ಆರಿಸಿಕೊಂಡು ಹೋಗಿ ಮಾಲು ಇದೆಯಾ ಅಂತ ನೋಡುತ್ತೇನೆ. ಹಾಗೇ ರ್ಯಾಕ್‌ನಲ್ಲಿ ಕಂಡ ಕೆಲವು ವಸ್ತು ಆರಿಸಿ ಹಾಳೆಯಲ್ಲಿ ಬಂದಿದೆಯಾ ಅಂತ ನೋಡುತ್ತೇನೆ. ಮೊದಲನೆಯದರಲ್ಲಿ ಇಲ್ಲದ್ದನ್ನು ಇದೆ ಅಂತ ಬರೆದಿದ್ದು ಸಿಗುತ್ತದೆ. ಎರಡನೆಯದರಲ್ಲಿ ಇದ್ದಿದ್ದನ್ನು ಬಿಟ್ಟಿದ್ದು ಸಿಗುತ್ತದೆ. ಬೇರೆಯವರ ಮಾಲು ನಮ್ಮ ಗೋದಾಮಿನಲ್ಲಿದ್ದರೆ ಮೊದಲೇ ಪಕ್ಕಕ್ಕಿಟ್ಟು ಚೀಟಿ ಅಂಟಿಸಿರಬೇಕು. ನಮ್ಮ ಮಾಲು ಬೇರೆಯವರ ಹತ್ತಿರ ಇದ್ದರೆ ಅವರಿಂದ ಕಾಗದ ತರಿಸಿರಬೇಕು. ಪೆಟ್ಟಿಗೆಗಳ ಮೇಲಿನ ಧೂಳನ್ನೂ ಗಮನಿಸಬೇಕು. ಧೂಳು ಹಿಡಿದ ಮಾಲಿನ ಹೆಸರು ಬರೆದುಕೊಂಡು ಬಂದು, ಕೊನೆಯ ಮಾರಾಟ ಯಾವಾಗ ಅಂತ ಪುಸ್ತಕದಲ್ಲಿ ನೋಡಿದರೆ ಬೆಲೆ ತಗ್ಗಿಸಬೇಕಾದವುಗಳ ಪಟ್ಟಿ ತಾನಾಗಿ ತಯಾರಾಗುತ್ತದೆ.

ಇದಾದ ಮೇಲಿನ ವಾರಗಳು ನಿಜಕ್ಕೂ ಕಷ್ಟದವು. ಆಗಲೂ ಕೆಲವು ವಿಷಯದಲ್ಲಿ ನಾನು ಸಡಿಲ ಬಿಡಲಿಲ್ಲ. ತಡರಾತ್ರಿ ಹಾಕಿದ ದೊಡ್ಡ ಜರ್ನಲ್ ಎಂಟ್ರಿ ಮರುದಿನ ಬೆಳಿಗ್ಗೆ ಇನ್ನೊಬ್ಬರು ನೋಡದೆ ಪೋಸ್ಟ್ ಆಗಕೂಡದು. ಕಂಪನಿಯಲ್ಲಿ ಎಷ್ಟೇ ಅವಸರ ಇದ್ದರೂ ಇದನ್ನು ಬಿಟ್ಟುಕೊಟ್ಟಿಲ್ಲ. ದಣಿದ ಕಣ್ಣಿಗೆ ಸೊನ್ನೆಗಳ ಲೆಕ್ಕ ಸಿಗುವುದಿಲ್ಲ. ಮನೆಯವರಿಗೆ ಮುಂದಿನ ಕ್ಲೋಸಿಂಗ್ ತಾರೀಕುಗಳನ್ನು ವರ್ಷ ಮೊದಲೇ ಹೇಳಿಬಿಡುತ್ತಿದ್ದೆ. ಮದುವೆ ಮುಂಜಿಗೆ ಆ ವಾರಗಳಲ್ಲಿ ನನ್ನನ್ನು ನಿರೀಕ್ಷೆ ಮಾಡಬೇಡಿ ಅಂತ. ಬೇಜಾರು ಆಗುತ್ತಿತ್ತು, ಅವರಿಗೂ, ನನಗೂ. ಆದರೆ ಮೊದಲೇ ಹೇಳಿದ್ದರಿಂದ ಕೊನೇ ಗಳಿಗೆಯ ಜಗಳ ಇರಲಿಲ್ಲ. ಆಡಿಟ್ ಮುಗಿದ ಮೇಲಿನ ರಜೆಯನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತಿದ್ದೆ.

ರಜೆಯ ಬಗ್ಗೆ ಇನ್ನೊಂದು ಮಾತು. ಅಕೌಂಟ್ಸ್‌ನವರು ರಜೆ ಹಾಕಲೇಬೇಕು, ಹಾಕಿದಾಗ ಅವರ ಕೆಲಸವನ್ನು ಇನ್ನೊಬ್ಬರು ಪೂರ್ತಿ ಮಾಡಬೇಕು. ಇದರಲ್ಲಿ ವಿಶ್ರಾಂತಿಯ ಜೊತೆಗೆ ಕಾವಲೂ ಇದೆ. ಗಿರಾಕಿಯಿಂದ ಬಂದ ಹಣವನ್ನು ಜೇಬಿಗೆ ಹಾಕಿಕೊಳ್ಳುವವನು, ಎರಡನೇ ಗಿರಾಕಿಯ ಹಣ ಬಂದಾಗ ಅದನ್ನು ಮೊದಲನೆಯವನ ಖಾತೆಗೆ ಜಮಾ ಮಾಡುತ್ತಾನೆ. ಮೂರನೆಯವನದ್ದು ಎರಡನೆಯವನಿಗೆ. ಈ ಮುಚ್ಚಾಟ ನಡೆಯಬೇಕಾದರೆ ಅವನು ಒಂದು ದಿನವೂ ಕುರ್ಚಿ ಬಿಡುವಂತಿಲ್ಲ. ಎರಡು ವಾರ ಬೇರೆಯವರು ಆ ಕುರ್ಚಿಯಲ್ಲಿ ಕೂತರೆ ಗಿರಾಕಿಗಳ ಫೋನುಗಳೇ ಎಲ್ಲ ಹೇಳುತ್ತವೆ. ಪ್ರಾಮಾಣಿಕರಿಗೆ ಇದರಿಂದ ನಷ್ಟ ಏನೂ ಇಲ್ಲ, ಅವರ ಕೆಲಸ ಎಷ್ಟು ಅಚ್ಚುಕಟ್ಟು ಅಂತ ಬೇರೆಯವರಿಗೆ ಗೊತ್ತಾಗುತ್ತದೆ.

ಆಡಿಟ್ ಸೀಸನ್ ಬಗ್ಗೆ ಹೊಸಬರಿಗೆ ಇರುವ ಭಯ ನನಗೆ ಅರ್ಥವಾಗುತ್ತದೆ. ಹೊರಗಿನವರು ಬಂದು ಕೂತು ಪ್ರಶ್ನೆ ಕೇಳುತ್ತಾರೆ, ಪಟ್ಟಿ ಮೇಲೆ ಪಟ್ಟಿ ಕೊಡುತ್ತಾರೆ. ನಾನು ಮಾಡಿದ್ದು ಸರಳ. ಕಂಪನಿಯ ಆಸ್ತಿ, ಸಾಲ ತೋರಿಸುವ ಬ್ಯಾಲೆನ್ಸ್ ಶೀಟಿನ ಪ್ರತಿ ಸಾಲಿಗೂ ಒಂದು ಹಾಳೆ. ಈ ಮೊತ್ತ ಯಾವ ಯಾವ ತುಂಡುಗಳಿಂದ ಕೂಡಿದೆ, ಕಾಗದ ಎಲ್ಲಿದೆ, ಹೋದ ವರ್ಷಕ್ಕಿಂತ ಯಾಕೆ ಹೆಚ್ಚಾಯಿತು ಅಥವಾ ಯಾಕೆ ಇಳಿಯಿತು. ಕೊನೆಯ ಪ್ರಶ್ನೆಗೆ ನಾವೇ ಮೊದಲು ಉತ್ತರ ಬರೆದುಕೊಂಡರೆ ಆಡಿಟರ್ ಕೇಳುವ ಬಹುಪಾಲು ಪ್ರಶ್ನೆ ಮುಗಿದಂತೆ. "ವ್ಯಾಪಾರ ಹೆಚ್ಚಾಗಿದ್ದರಿಂದ" ಅಂತ ಬರೆದ ಹಾಳೆಯನ್ನು ನಾನು ವಾಪಸ್ ಕಳಿಸುತ್ತಿದ್ದೆ. ಯಾವ ಗಿರಾಕಿ, ಯಾವ ಮಾಲು, ಎಷ್ಟು ಅಂತ ಬೇಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ನಾಳೆ ನೋಡಿ ಹೇಳುತ್ತೇನೆ ಅನ್ನುವುದು ವಾಸಿ. ಆಡಿಟರ್‌ಗೆ ಒಮ್ಮೆ ನಮ್ಮ ಮಾತಿನ ಮೇಲೆ ನಂಬಿಕೆ ಹೋದರೆ ಸಣ್ಣ ವೋಚರನ್ನೂ ಬಿಡದೆ ಕೇಳುತ್ತಾರೆ. ಅದು ಅವರ ಕರ್ತವ್ಯ ಕೂಡ.

ಈಗ ಬಿಡುವಿನ ತಿಂಗಳ ವಿಷಯಕ್ಕೆ ಬರುತ್ತೇನೆ. ವರ್ಷದ ಒಂಬತ್ತು ಅಥವಾ ಹತ್ತನೇ ತಿಂಗಳ ಲೆಕ್ಕವನ್ನು ವರ್ಷಾಂತ್ಯ ಅಂತಲೇ ಭಾವಿಸಿ ಪೂರ್ತಿ ಮುಗಿಸುವುದು ನನ್ನ ಪದ್ಧತಿ. ಎಲ್ಲ ಪ್ರಾವಿಷನ್ (ಮುಂದೆ ಬರಬಹುದಾದ ಖರ್ಚಿಗೆ ಅಂದಾಜಿನಲ್ಲಿ ತೆಗೆದಿಡುವ ಮೊತ್ತ), ಎಲ್ಲ ಬಾಕಿ, ಗಿರಾಕಿಗಳಿಗೆ ಬಾಕಿ ದೃಢೀಕರಣದ ಪತ್ರ, ಎಲ್ಲ ಹಾಳೆ. ಆಡಿಟರೂ ಒಪ್ಪಿದರೆ ಅವರೂ ಆಗಲೇ ಬಂದು ಅಷ್ಟು ತಿಂಗಳ ಪರೀಕ್ಷೆ ಮುಗಿಸುತ್ತಾರೆ. ಆಮೇಲೆ ವರ್ಷಾಂತ್ಯಕ್ಕೆ ಉಳಿಯುವುದು ಎರಡು ಮೂರು ತಿಂಗಳ ಲೆಕ್ಕ ಮಾತ್ರ. ಯಂತ್ರ, ಪೀಠೋಪಕರಣ, ಕಂಪ್ಯೂಟರ್ ಇವುಗಳ ಎಣಿಕೆ ಕೂಡ ವರ್ಷದ ನಡುವೆಯೇ. ಮಾರಿ ಹೋದ ಯಂತ್ರಕ್ಕೆ ಸವಕಳಿ ಹಾಕುತ್ತಾ ಇರುವುದು ಆಗ ಗೊತ್ತಾದರೆ ಶಾಂತವಾಗಿ ಸರಿಮಾಡಬಹುದು.

ಹೊಸ ನಿಯಮಗಳಿಗೂ ಇದೇ ಕಾಲ ಬೇಕು. ಐಎಫ್‌ಆರ್‌ಎಸ್ 16 ಅನ್ನುವ, ಗುತ್ತಿಗೆಯ ಲೆಕ್ಕ ಬರೆಯುವ ಅಂತರರಾಷ್ಟ್ರೀಯ ಮಾನದಂಡ 2016ರ ಜನವರಿಯಲ್ಲಿ ಪ್ರಕಟವಾಯಿತು, ಜಾರಿಯಾಗಿದ್ದು 2019ರ ಜನವರಿ 1ಕ್ಕೆ. ಅದುವರೆಗೆ ಕಟ್ಟಡದ ಬಾಡಿಗೆ, ವಾಹನದ ಬಾಡಿಗೆ ಹೆಚ್ಚಿನದು ತಿಂಗಳ ಖರ್ಚಾಗಿ ಹೋಗುತ್ತಿತ್ತು. ಹೊಸ ನಿಯಮದಲ್ಲಿ ಅದನ್ನು ಬಳಸುವ ಹಕ್ಕು ಆಸ್ತಿಯಾಗಿ, ಮುಂದೆ ಕಟ್ಟಬೇಕಾದ ಬಾಡಿಗೆ ಸಾಲವಾಗಿ ಬ್ಯಾಲೆನ್ಸ್ ಶೀಟಿಗೆ ಬಂತು. ಲೆಕ್ಕ ಹಾಕುವುದು ಕಷ್ಟವಲ್ಲ. ಒಪ್ಪಂದದ ಕಾಗದಗಳನ್ನು ಒಟ್ಟುಮಾಡುವುದು ಕಷ್ಟ. ಒಂದು ಆಡಳಿತ ವಿಭಾಗದಲ್ಲಿ, ಒಂದು ಕಾರ್ಖಾನೆಯಲ್ಲಿ, ಒಂದು ಯಾರದ್ದೋ ಡ್ರಾಯರಿನಲ್ಲಿ. ಅವಧಿ ಮುಗಿದ ಮೇಲೆ ಮುಂದುವರಿಸುವ ಹಕ್ಕು ಇದೆಯಾ, ಬಾಡಿಗೆ ಯಾವಾಗ ಏರುತ್ತದೆ, ಎಲ್ಲ ಓದಬೇಕು. ನಾವು 2018ರ ಬಿಡುವಿನ ತಿಂಗಳುಗಳಲ್ಲಿ ಇದನ್ನೇ ಮಾಡಿದೆವು. ಜಾರಿಯಾದ ಮೊದಲ ತ್ರೈಮಾಸಿಕದಲ್ಲಿ ಮಾಮೂಲಿ ಹೊತ್ತಿಗೇ ಲೆಕ್ಕ ಕೊಟ್ಟೆವು.

ಕ್ಲೋಸಿಂಗ್ ಮುಗಿದ ವಾರವೇ ಎಲ್ಲರನ್ನೂ ಕೂರಿಸಿ ಎಲ್ಲಿ ತಡವಾಯಿತು ಅಂತ ಬರೆಸುವುದು ನನ್ನ ಇನ್ನೊಂದು ಪದ್ಧತಿ. ಯಾರಿಂದ ಅಂತ ಅಲ್ಲ, ಯಾವ ಕಾಗದ ಯಾವ ದಿನ ಬಂತು ಅಂತ. ತಿಂಗಳು ಬಿಟ್ಟು ಕೇಳಿದರೆ ಎಲ್ಲರೂ ಚೆನ್ನಾಗೇ ಆಯಿತು ಅನ್ನುತ್ತಾರೆ. ನೋವು ಮರೆತಿರುತ್ತದೆ.

ಇಷ್ಟೆಲ್ಲ ದುಡಿದದ್ದಕ್ಕೆ ಸಿಕ್ಕಿದ್ದೇನು ಅಂತ ಕೇಳಿದರೆ ನನ್ನ ಉತ್ತರ ಉದ್ದ ಇದೆ. ಸಂಬಳ ಬಂತು, ಕೆಲಸದ ಭದ್ರತೆ ಇತ್ತು. ಒಳ್ಳೆಯ ಕಾಲದಲ್ಲೂ ಕೆಟ್ಟ ಕಾಲದಲ್ಲೂ ಲೆಕ್ಕ ಬರೆಯುವವರು ಬೇಕೇ ಬೇಕು. ಅದಕ್ಕಿಂತ ದೊಡ್ಡದು, ಒಂದು ವ್ಯವಹಾರವನ್ನು ಒಳಗಿನಿಂದ ನೋಡುವ ಅವಕಾಶ. ಪ್ರತಿ ತಿಂಗಳೂ ಅದೇ ಖಾತೆಗಳನ್ನು ನೋಡುತ್ತಾ ನೋಡುತ್ತಾ, ಯಾವುದೋ ಒಂದು ಅಂಕಿ ಸರಿ ಇಲ್ಲ ಅಂತ ಹೇಳುವ ಕಣ್ಣು ಬರುತ್ತದೆ. ಒಬ್ಬ ದೊಡ್ಡ ಗಿರಾಕಿ ಮೊದಲು ಒಂದೇ ಸಲ ಕಟ್ಟುತ್ತಿದ್ದವರು, ಬಿಲ್ಲಿನ ಹಣವನ್ನು ತುಂಡು ತುಂಡಾಗಿ ಕಟ್ಟಲು ಶುರು ಮಾಡಿದರು. ಮಾರಾಟ ಏರುತ್ತಲೇ ಇತ್ತು, ಹಾಗಾಗಿ ಬೇರೆ ಯಾರಿಗೂ ಅನುಮಾನ ಇರಲಿಲ್ಲ. ಬಾಕಿ ಪಟ್ಟಿಯಲ್ಲಿ ಹಳೆಯ ಬಿಲ್ಲುಗಳು ಪೂರ್ತಿ ತೀರದೆ ಚೂರು ಚೂರು ಉಳಿಯುತ್ತಿದ್ದವು. ನಾನು ಅದನ್ನು ಮಾಲೀಕರ ಮುಂದಿಟ್ಟೆ. ಅವರು ಸಾಲದ ಮಿತಿ ಇಳಿಸಿದರು. ಆ ಗಿರಾಕಿ ವ್ಯವಹಾರ ಮುಚ್ಚಿದಾಗ ನಮಗೆ ಬರಬೇಕಾದ ಬಾಕಿ ಸಣ್ಣದಾಗಿತ್ತು. ಕಾರ್ಖಾನೆಯಲ್ಲಿ ಯಾರಿಗೂ ಆ ತಿಂಗಳ ಸಂಬಳ ತಡವಾಗಲಿಲ್ಲ. ಇದು ಯಾವ ವರದಿಯಲ್ಲೂ ಬರುವುದಿಲ್ಲ. ನನಗೆ ಗೊತ್ತಿದೆ, ಸಾಕು.

ಇನ್ನೊಂದು, ಕಲಿಸಿದ ಸಂತೋಷ. ನನ್ನ ಕೈಕೆಳಗೆ ಬಂದವರಿಗೆ ಮೊದಲ ವರ್ಷ ಬರೀ ಬ್ಯಾಂಕ್ ತಾಳೆ ಕೊಡುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು, "ಸರ್, ಬ್ಯಾಲೆನ್ಸ್ ಶೀಟ್ ಯಾವಾಗ?" ಅಂತ. ಕಂಪನಿಗೆ ಬರುವ, ಕಂಪನಿಯಿಂದ ಹೋಗುವ ಪ್ರತಿ ಹಣದ ದಾರಿ ಬ್ಯಾಂಕಿನ ಪಟ್ಟಿಯಲ್ಲಿ ಕಾಣುತ್ತದೆ, ಅದನ್ನು ಒಂದು ವರ್ಷ ನೋಡಿದವರಿಗೆ ಬ್ಯಾಲೆನ್ಸ್ ಶೀಟ್ ಓದಲು ಬೇರೆ ಪಾಠ ಬೇಡ ಅಂತ ನನ್ನ ನಂಬಿಕೆ. ಹಾಗೆ ಕಲಿತವರಲ್ಲಿ ಒಬ್ಬಳು ಈಗ ತನ್ನದೇ ತಂಡ ಕಟ್ಟಿಕೊಂಡು ಕ್ಲೋಸಿಂಗ್ ನಡೆಸುತ್ತಾಳೆ. ಹೋದ ವರ್ಷ ತನ್ನ ಕ್ಲೋಸಿಂಗ್ ಕ್ಯಾಲೆಂಡರ್ ನನಗೆ ಕಳಿಸಿ, "ನೋಡಿ ಹೇಳಿ ಸರ್" ಅಂದಳು. ಹತ್ತನೇ ತಿಂಗಳ ಪೂರ್ತಿ ಕ್ಲೋಸಿಂಗ್ ಅದರಲ್ಲಿತ್ತು. ನಾನು ಯಾವತ್ತೂ ಮಾಡದ ಒಂದು ಕೆಲಸವೂ ಇತ್ತು. ಖರೀದಿ, ಮಾರಾಟ, ಗೋದಾಮು, ಪ್ರತಿ ವಿಭಾಗದಿಂದ ಒಬ್ಬರನ್ನು ಬಿಡುವಿನ ತಿಂಗಳಲ್ಲಿ ಎರಡು ದಿನ ಅಕೌಂಟ್ಸ್‌ನಲ್ಲಿ ಕೂರಿಸುವುದು. ತಾವು ಕಳಿಸುವ ಕಾಗದ ಇಲ್ಲಿ ಏನಾಗುತ್ತದೆ ಅಂತ ಅವರೇ ನೋಡಲಿ ಅಂತ. ಗೋದಾಮಿನವರು ಅದಾದ ಮೇಲೆ ರಸೀದಿಗಳನ್ನು ಅದೇ ದಿನ ಕಳಿಸಲು ಶುರು ಮಾಡಿದ್ದಾರಂತೆ. ಅವಳಿಗೆ ನಾನು ತಿದ್ದಿ ಕೊಟ್ಟಿದ್ದು ಒಂದೇ. ಆ ಎರಡು ದಿನದ ಸಾಲಿಗೆ ಮಾಲು ಕಳಿಸುವ ವಿಭಾಗದ ಹೆಸರನ್ನೂ ಸೇರಿಸಿದೆ.